ಚಂದ್ರಿಕೆಗೆ ಹಬ್ಬಿದ ಬಳ್ಳಿ

ಮೊನ್ನೆ ನಮ್ಮ ಮನೆಯವರು ಏನೋ ಕೆಲಸದ ಮೇಲೆ ಶಿಡ್ಲಘಟ್ಟಕ್ಕೆ ಹೋಗಿದ್ದವರು ಬರುವಾಗ ಒಂದು ಚೀಲ ಹಿಕ್ಕೆ ಗೊಬ್ಬರ ತಂದರು. ರೇಷ್ಮೆ ಹುಳು ಹಾಕಿದ ಹಿಕ್ಕೆ, ತಿಂದು ಬಿಟ್ಟ ಸೊಪ್ಪಿನ ಕಡ್ಡಿ ಎಲ್ಲ ಸೇರಿ ಕಳಿತು ಪುಡಿಪುಡಿಯಾದ ಗೊಬ್ಬರ. ಮನೆಯೊಳಗಿನ ಕುಂಡಗಳಿಗೆ ಅದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಚೀಲದ ದಾರ ಬಿಚ್ಚಿದ್ದೇ ತಡ, ವಾಸನೆ ಹಾಲ್ ತುಂಬ ಹರಡಿತು. ಮಗಳು ಮೂಗು ಮುಚ್ಚಿಕೊಂಡು, "ಅಮ್ಮಾ, ಪ್ಲೀಸ್, ಬಾಲ್ಕನಿಗೆ ತಗೊಂಡ್ಹೋಗು" ಎಂದು ರೂಮಿನ ಬಾಗಿಲು ಹಾಕಿಕೊಂಡಳು.

ನಾನು ಅಲ್ಲೇ ನೆಲದ ಮೇಲೆ ಕೂತೆ. ಹಸಿ ಸೊಪ್ಪಿನದೂ ಹುಳಿ ಬಂದ ಹಿಟ್ಟಿನದೂ ಸೇರಿದಂಥ ಆ ವಾಸನೆಯ ಜೊತೆಗೇ ಶಿಡ್ಲಘಟ್ಟದ ನಮ್ಮ ಎದುರುಮನೆ ಅಕ್ಕ ಬಂದು ಎದುರಿಗೆ ನಿಂತ ಹಾಗಾಯಿತು. ಕೈಯಲ್ಲಿ ಹಳೇ ಪಂಚೆಯ ತುಂಡು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಉಗುರಿನ ಸಂದಿಯಲ್ಲಿ ಮಣ್ಣು... ಸತ್ತವರ ಬಗ್ಗೆ ಒಳ್ಳೆಯದನ್ನೇ ನೆನೆಯಬೇಕು ಎನ್ನುತ್ತಾರೆ. ನಾನೂ ಒಳ್ಳೆಯದನ್ನೇ ನೆನೆಯುತ್ತೇನೆ. ನೆನೆದಷ್ಟೂ ಹೊಟ್ಟೆ ಉರಿಯುತ್ತದೆ, ಏನು ಮಾಡಲಿ? ಕೆಟ್ಟವಳಾಗಿದ್ದರೆ ಎಂದೋ ಮರೆತುಬಿಡುತ್ತಿದ್ದೆ.

ಮದುವೆಯಾಗಿ ನಾನು ಶಿಡ್ಲಘಟ್ಟಕ್ಕೆ ಬಂದಾಗ ನಾವು ಬಾಡಿಗೆಗಿದ್ದದ್ದು ರೇಷ್ಮೆ ನೂಲು ಬಿಚ್ಚುವವರ ಬೀದಿ. ಹತ್ತಾರು ಮನೆಯಲ್ಲಿ ಗೂಡು ಬೇಯಿಸುವ ಒಲೆ. ಬೆಳಗಾದರೆ ಹೊಗೆ. ಬಾಗಿಲಾಚೆ ಒಂದು ಗಿಡ ಇಟ್ಟರೂ ಸಂಜೆಯೊಳಗೆ ಎಲೆಯ ಮೇಲೆ ಮಸಿ ಕೂರುತ್ತಿತ್ತು. ಹಾಗಾಗಿ ಆ ಬೀದಿಯಲ್ಲಿ ಗಿಡದ ಹುಚ್ಚಿದ್ದವರು ಮನೆಯೊಳಗೇ ಬೆಳೆಸಬೇಕು. ಅಂಥ ಹುಚ್ಚಿದ್ದವರು ಇಡೀ ಬೀದಿಗೆ ಇಬ್ಬರೇ. ಎದುರುಮನೆ ಅಕ್ಕ, ಆಮೇಲೆ ನಾನು.

ಅಕ್ಕ ನನಗಿಂತ ಸುಮಾರು ದೊಡ್ಡವಳು. ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುವ ಮಗಳಿದ್ದಳು. ಗಂಡ ಕರೆಂಟ್ ಆಫೀಸಿನಲ್ಲಿದ್ದರು. ಅವಳ ತವರು ಚಿಂತಾಮಣಿ ಕಡೆ, ಮನೆಮಾತು ತೆಲುಗು. ಕನ್ನಡ ಮಾತಾಡುವಾಗಲೂ ನಡುನಡುವೆ ತೆಲುಗು ಇಣುಕುತ್ತಿತ್ತು. ನಾನು ಬಂದ ಹೊಸದರಲ್ಲಿ ಮಧ್ಯಾಹ್ನ ಕಿಟಕಿಯಲ್ಲಿ ಸಪ್ಪಗೆ ಕೂತಿದ್ದಾಗ ಎದುರು ಬಾಗಿಲಿಂದಲೇ ಕೂಗಿದಳು: "ಯಾಕೆ ತಲ್ಲೀ, ಒಬ್ಳೇ ಕೂತಿದ್ದೀಯ? ಬಾ, ಕಾಫಿ ಕುಡಿಯಣ."

ಹೋದೆ. ಅಬ್ಬಾ, ಅವಳ ಹಾಲ್! ಕಿಟಕಿಯ ಸರಳಿಗೆ ಮನಿ ಪ್ಲಾಂಟು, ಫ್ರಿಜ್ ಮೇಲೆ ಫರ್ನು, ಟಿವಿಯ ಎರಡೂ ಕಡೆ ಕೆಂಪು ಹಸಿರು ಬಣ್ಣದೆಲೆಯ ಗಿಡಗಳು, ಪೇಂಟಿನ ಡಬ್ಬದಲ್ಲಿ, ಎಣ್ಣೆ ಟಿನ್ನಿನಲ್ಲಿ, ಕಿವಿ ಮುರಿದ ಬೋಗುಣಿಯಲ್ಲಿ. ಅವಳ ಗಂಡ ಆಫೀಸಿನಿಂದ ಬಂದವರು, "ಇವತ್ತು ನಾನು ಎಲ್ಲಿ ಕೂತ್ಕೋಬೇಕಮ್ಮ?" ಎಂದು ಕೇಳಿಕೊಂಡೇ ಒಳಗೆ ಕಾಲಿಡುತ್ತಿದ್ದರು.

ಮನೆಯೊಳಗೆ ಗಿಡ ಸಾಕುವುದನ್ನು ನನಗೆ ಕಲಿಸಿದ್ದು ಅವಳೇ. ಅದನ್ನು ಇಲ್ಲ ಎನ್ನಲಾರೆ. "ನೀರು ಹಾಕೋಕ್ ಮುಂಚೆ ಕುಂಡ ಎತ್ತಿ ನೋಡು. ಭಾರ ಇದ್ರೆ ಬಿಟ್ಬಿಡು. ಹೊಟ್ಟೆ ತುಂಬಿದ ಮಗೂಗೆ ಬಲವಂತವಾಗಿ ತಿನ್ನಿಸ್ತಾರೇನೇ?" ಎನ್ನುತ್ತಿದ್ದಳು. ನಮ್ಮ ಕಡೆಯ ಬೋರ್‌ವೆಲ್ ನೀರು ಎಂಥದ್ದೆಂದು ಗೊತ್ತಲ್ಲ, ಕಾಯಿಸಿದ ಪಾತ್ರೆಗೆಲ್ಲ ಬಿಳಿ ಪೊರೆ ಕಟ್ಟುತ್ತದೆ. ಅದನ್ನೇ ಸುರಿದರೆ ಎಲೆಯ ತುದಿ ಸುಟ್ಟಂತೆ ಕಂದುತ್ತದೆ. ಅಕ್ಕಿ ತೊಳೆದ ನೀರು, ಮಳೆ ಬಂದಾಗ ಬಕೆಟ್ ಇಟ್ಟು ಹಿಡಿದ ನೀರು, ಇವೇ ಅವಳ ಗಿಡಗಳಿಗೆ. ಶುಕ್ರವಾರ ತಲೆಗೆ ನೀರು ಹಾಕಿಕೊಂಡು ಬಂದು, ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆ ಒರೆಸುತ್ತ ಕೂರುತ್ತಿದ್ದಳು. ನಾನು ಎದುರಿಗೆ ಕೂತು ಇನ್ನೊಂದು ಗಿಡ ಒರೆಸುತ್ತಿದ್ದೆ. ನನ್ನ ಗಂಡನ ಮೇಲಿನ ದೂರು, ಅತ್ತೆಯ ಮೇಲಿನ ಸಿಟ್ಟು, ಎಲ್ಲ ಅಲ್ಲೇ ಖಾಲಿಯಾಗುತ್ತಿತ್ತು. ತಾಯಿ ಇಲ್ಲದ ಹುಡುಗಿಗೆ ಅಂಥದ್ದೊಂದು ಮನೆ ಎದುರಿಗೇ ಸಿಕ್ಕರೆ ಹೇಗಿರುತ್ತದೆ, ಯೋಚಿಸಿ.

ಅಮ್ಮ ಹೋದದ್ದು ನನ್ನ ಮದುವೆಗೆ ಹಿಂದಿನ ವರ್ಷ. ನಮ್ಮ ತವರು ಮಂಡಿಕಲ್ ಕಡೆಯ ಒಂದು ಹಳ್ಳಿ. ಹಿಪ್ಪುನೇರಳೆ ತೋಟ, ಮನೆ ತುಂಬ ಹುಳು. ಅಮ್ಮನಿಗೆ ಹುಳುವಿನ ಕೆಲಸದ ನಡುವೆ ಇದ್ದ ಒಂದೇ ಶೋಕಿಯೆಂದರೆ ಅಡುಗೆಮನೆಯ ಕಿಟಕಿಯಲ್ಲಿಟ್ಟಿದ್ದ ಒಂದು ಬಳ್ಳಿ. ದಪ್ಪ ಎಲೆ, ಮೇಣದಲ್ಲಿ ಮಾಡಿದಂಥ ಸಣ್ಣ ಸಣ್ಣ ಹೂವಿನ ಗೊಂಚಲು. ನರ್ಸರಿಯವರು ಅದನ್ನು ಹೋಯಾ ಎನ್ನುತ್ತಾರೆ. ಅಮ್ಮ ಮೇಣದ ಹೂವಿನ ಬಳ್ಳಿ ಎನ್ನುತ್ತಿದ್ದಳು. ಹಬ್ಬಿಸಲು ಅವಳಿಗೆ ಸಿಕ್ಕಿದ್ದು ಒಂದು ಮುರುಕು ಚಂದ್ರಿಕೆ. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುತ್ತೇವಲ್ಲ, ಬಿದಿರಿನ ತಟ್ಟೆಯ ಮೇಲೆ ಸುರುಳಿ ಸುರುಳಿಯಾಗಿ ಪಟ್ಟಿ ಕೂರಿಸಿರುತ್ತಾರೆ, ಅದು. ಅಮ್ಮ ಅದರ ನಡುವಿನ ಭಾಗವನ್ನು ಊಟದ ತಟ್ಟೆಯಷ್ಟಗಲ ಕತ್ತರಿಸಿಕೊಂಡು, ಸೀಳಿದ್ದ ಅಂಚಿಗೆ ನೀಲಿ ಕರೆಂಟ್ ವೈರು ಸುತ್ತಿ, ಕುಂಡದಲ್ಲಿ ನಿಲ್ಲಿಸಿದ್ದಳು. ಬಳ್ಳಿ ಆ ಸುರುಳಿಯ ದಾರಿ ಹಿಡಿದು ಸುತ್ತಿ ಸುತ್ತಿ, ಕೊನೆಗೆ ಯಾವುದು ಬಳ್ಳಿ ಯಾವುದು ಬಿದಿರು ಎಂದು ಬಿಡಿಸಲಾಗದಷ್ಟು ಬೆಸೆದುಕೊಂಡಿತ್ತು.

ತವರಿಂದ ಏನು ಬೇಕೆಂದು ಅಣ್ಣ ಕೇಳಿದಾಗ ನಾನು ಕೇಳಿದ್ದು ಅದೊಂದೇ. ಆದರೆ ಅಮ್ಮ ಹೋದ ಮೇಲೆ ಅದು ಹೂ ಬಿಟ್ಟಿರಲಿಲ್ಲ. ಶಿಡ್ಲಘಟ್ಟಕ್ಕೆ ಬಂದ ಮೇಲೂ ಎಲೆ ಚಿಗುರುತ್ತಿತ್ತು, ಬಳ್ಳಿ ಚಾಚುತ್ತಿತ್ತು, ಹೂ ಮಾತ್ರ ಇಲ್ಲ. ದಿನಾ ಬೆಳಗ್ಗೆ ಎದ್ದು ಮೊಗ್ಗು ಹುಡುಕುತ್ತಿದ್ದೆ. ಅದು ಹೂ ಬಿಟ್ಟರೆ ಅಮ್ಮ ನನ್ನ ಮನೆಗೊಮ್ಮೆ ಬಂದು ಹೋದ ಹಾಗೆ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಹುಚ್ಚು ಎನ್ನಿ. ಈ ಹುಚ್ಚನ್ನು ನಾನು ಬಾಯಿಬಿಟ್ಟು ಹೇಳಿದ್ದು ಅಕ್ಕನಿಗೊಬ್ಬಳಿಗೇ. ಗಂಡನಿಗೂ ಹೇಳಿರಲಿಲ್ಲ. ಅವಳು ನಗಲಿಲ್ಲ. "ಬಿಟ್ಟೇ ಬಿಡುತ್ತೆ ನೋಡು ತಲ್ಲೀ. ಅವತ್ತು ನಾನೇ ಪಾಯಸ ಮಾಡ್ಕೊಂಡು ಬರ್ತೀನಿ" ಎಂದಳು.

ನಾನು ಬಸುರಿಯಾದೆ. ಬಾಣಂತನಕ್ಕೆ ತಾಯಿ ಇಲ್ಲ. ಗೌರಿಬಿದನೂರಿನ ಹತ್ತಿರದ ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದ ದೊಡ್ಡಮ್ಮ ಕರೆದುಕೊಂಡು ಹೋಗುತ್ತೇನೆಂದಳು. ಬಳ್ಳಿಯನ್ನೂ ತರುತ್ತೇನೆ ಎಂದೆ. ಅಷ್ಟರಲ್ಲಿ ಅದರ ಎಲೆಯ ಸಂದಿಗೆ ಬಿಳಿ ಹತ್ತಿಯಂಥ ಹಿಟ್ಟುತಿಗಣೆ ಹತ್ತಿ, ಅಕ್ಕ ಹೇಳಿದಂತೆ ವಾರ ವಾರ ಬೇವಿನೆಣ್ಣೆ ಹೊಡೆಯುತ್ತಿದ್ದೆ. ಅದನ್ನು ಕೇಳಿದ್ದೇ ದೊಡ್ಡಮ್ಮ ಫೋನಿನಲ್ಲೇ ಕಿರುಚಿದಳು: "ಅಯ್ಯೋ, ಬೇವಿನೆಣ್ಣೆ ಹೊಡ್ದಿರೋ ಗಿಡಾನ ಹುಳದ ಮನೆಗೆ ತರ್ತೀಯೇನೇ? ಆ ಗಾಳಿ ಸೋಕಿದ್ರೂ ಹುಳ ಸೊಪ್ಪು ಮುಟ್ಟಲ್ಲ. ನೀನು ಬಾ, ಗಿಡ ಅಲ್ಲೇ ಬಿಟ್ಟು ಬಾ."

ಹುಳ ಸಾಕುವ ಮನೆಯಲ್ಲಿ ಹುಟ್ಟಿದವಳು ನಾನು, ಆ ಮಾತಿಗೆ ಎದುರು ಹೇಳುವುದುಂಟೇ? ಹಾಗೆಂದು ಮನೆಯಲ್ಲೇ ಬಿಡುವ ಹಾಗೂ ಇಲ್ಲ. ನಮ್ಮ ಮನೆಯವರಿಗೆ ಗಿಡ ನೋಡಿಕೊಳ್ಳಿ ಎಂದರೆ ಬರೀ ನೋಡುತ್ತಾರೆ. ಊಟಕ್ಕೆ ಮೆಸ್ಸು, ರಜೆ ಬಂದರೆ ಗೌರಿಬಿದನೂರಿನ ಬಸ್ಸು, ಇಷ್ಟೇ ಅವರ ಲೋಕವಾಗುವುದಿತ್ತು. ಇನ್ಯಾರಿದ್ದರು ನನಗೆ? ಹೊರಡುವ ದಿನ ಕುಂಡವನ್ನು ಎತ್ತಿಕೊಂಡು ಎದುರುಮನೆಗೆ ಹೋದೆ. ಅಕ್ಕ ಎರಡೂ ಕೈಯಲ್ಲಿ ಇಸಿದುಕೊಂಡು, ಸೆರಗಿನ ತುದಿಯಿಂದ ಒಂದು ಎಲೆ ಒರೆಸಿ ಹೇಳಿದಳು: "ನಿನ್ ತಾಯಿನ ನನ್ ಮನೇಲಿ ಬಿಟ್ಟು ಹೋಗ್ತಿದ್ದೀಯ ಅಂದ್ಕೋ. ನಿಶ್ಚಿಂತೆಯಾಗಿ ಹೋಗಿ ಬಾ."

ಈ ಮಾತು ಅವಳೇ ಆಡಿದ್ದು. ನಾನು ಸೇರಿಸಿದ್ದಲ್ಲ.

ಹೆರಿಗೆ ಬಹಳ ಕಷ್ಟವಾಯಿತು. ನನಗೆ ಜ್ವರ ಇಳಿಯಲಿಲ್ಲ, ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ದೊಡ್ಡಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಕಂಡ ದೇವರಿಗೆಲ್ಲ ಹರಕೆ ಹೊತ್ತಳಂತೆ. ಅಂತೂ ಇಬ್ಬರೂ ಉಳಿದು ಮನೆಗೆ ಬಂದೆವು. ಸುಧಾರಿಸಿಕೊಂಡ ಮೇಲೆ ಅಕ್ಕನಿಗೆ ಫೋನ್ ಮಾಡಿದರೆ ಮಗುವಿನ ವಿಷಯ ಕೇಳುತ್ತಿದ್ದಳು, ಎಣ್ಣೆ ಸ್ನಾನದ ವಿಷಯ ಕೇಳುತ್ತಿದ್ದಳು. ಬಳ್ಳಿ ಹೇಗಿದೆ ಎಂದರೆ, "ಇದೆ ಕಣೇ, ಅದಕ್ಕೇನು" ಎಂದು ಬೇರೆ ಮಾತಿಗೆ ಹೋಗುತ್ತಿದ್ದಳು. ಈ ನಡುವೆಯೇ ಅವಳ ಮಗಳ ಮದುವೆ ಗೊತ್ತಾಗಿ, ನಡೆದೂ ಹೋಯಿತು. ಹಸಿ ಬಾಣಂತಿ, ನಾನು ಹೋಗುವ ಹಾಗಿರಲಿಲ್ಲ. ಆ ಹುಡುಗಿಗೆ ಸಂಬಂಧ ಕೂಡಿಬರುತ್ತಿಲ್ಲ ಎಂದು ಅಕ್ಕ ಕೊರಗಿದ್ದು ನೋಡಿದ್ದವಳು ನಾನು. ಸುದ್ದಿ ಕೇಳಿ ಮಲಗಿದಲ್ಲೇ ಕೈ ಮುಗಿದೆ.

ಐದು ತಿಂಗಳ ಕೂಸನ್ನು ಎತ್ತಿಕೊಂಡು ಶಿಡ್ಲಘಟ್ಟಕ್ಕೆ ಬಂದಾಗ ಬಾಗಿಲಲ್ಲಿ ಆರತಿ ಎತ್ತಿದವಳು ಅಕ್ಕ. ಮಗುವಿನ ಗಲ್ಲಕ್ಕೆ ದೃಷ್ಟಿಬೊಟ್ಟು ಇಟ್ಟವಳೂ ಅವಳೇ. ಸಂಜೆ ಅವಳ ಮನೆಗೆ ಹೋದೆ. ಕಣ್ಣು ಸೀದಾ ಕಿಟಕಿಗೆ ಹೋಯಿತು. ಬಳ್ಳಿ ಇರಲಿಲ್ಲ. ಮೂಲೆಯಲ್ಲಿ ನನ್ನ ಕುಂಡ ತೊಳೆದು ಬೋರಲು ಹಾಕಿತ್ತು.

"ಕೊಳೆತು ಹೋಯ್ತು ತಲ್ಲೀ..." ಎಂದಳು. "ಎಷ್ಟು ಮಾಡಿದ್ರೂ ಉಳೀಲಿಲ್ಲ. ಬಾಣಂತಿಗೆ ಹೆಂಗೆ ಹೇಳೋದು ಅಂತ ಸುಮ್ನಿದ್ದೆ."

"ಚಂದ್ರಿಕೆ ತುಂಡಾದ್ರೂ ಇದೆಯಾ ಅಕ್ಕ?" ಎಂದೆ.

"ಅದಕ್ಕೂ ಹುಳ ಹತ್ತಿತ್ತು. ಒಲೆಗೆ ಹಾಕಿಬಿಟ್ಟೆ."

ನಾನು ಅತ್ತೆ. ಅವಳೂ ಅತ್ತಳು. ಆಮೇಲೆ ನನ್ನ ತಲೆ ಸವರುತ್ತ ಒಂದು ಮಾತು ಹೇಳಿದಳು. ಇಷ್ಟೆಲ್ಲ ಬರೆಯುತ್ತಿರುವುದು ಆ ಒಂದು ಮಾತಿಗಾಗಿ. "ಅಳಬೇಡ ಕಣೇ. ನೀನು ಆಸ್ಪತ್ರೇಲಿದ್ದೆಯಲ್ಲ, ಅದೇ ವಾರ ಅದು ಬಾಡಿದ್ದು. ನಿಂಗೂ ಮಗೂಗೂ ಏನು ಬರೋದಿತ್ತೋ, ನಿನ್ ತಾಯಿ ಬಂದು ತನ್ ಗಿಡದ ಮೇಲೆ ಎಳ್ಕೊಂಡ್ಳು."

ನಮ್ಮ ಕಡೆ ಇದು ಹೊಸ ಮಾತಲ್ಲ. ಮನೆಯೊಳಗೆ ಸಾಕಿದ ಗಿಡ ಇದ್ದಕ್ಕಿದ್ದ ಹಾಗೆ ಒಣಗಿದರೆ, ಮನೆಯವರಿಗೆ ಬರಬೇಕಾದ ಕೆಡುಕನ್ನು ಅದು ಹೊತ್ತುಕೊಂಡು ಹೋಯಿತು ಎನ್ನುತ್ತಾರೆ. ನಾನು ನಂಬಿದೆ. ನಂಬದೇ ಇರಲು ಯಾವ ಕಾರಣವಿತ್ತು? ಅಮ್ಮ ಹೂವಾಗಿ ಬರಲಿಲ್ಲ, ಕಾಯಲು ಬಂದಳು ಎಂದುಕೊಂಡೆ. ಮಗಳು ಮಾತು ಕಲಿತ ಮೇಲೆ ಅವಳಿಗೂ ಅದನ್ನೇ ಕಥೆಯಾಗಿ ಹೇಳಿದೆ. "ಅಜ್ಜಿ ಗಿಡ ನಂಗೋಸ್ಕರ ಸತ್ತೋಯ್ತಾ?" ಎಂದು ಕೇಳುತ್ತಿದ್ದಳು. ಹೌದು ಚಿನ್ನ ಎನ್ನುತ್ತಿದ್ದೆ. ನೋಡದ ಅಜ್ಜಿಯೆಂದರೆ ಆ ಮಗುವಿಗೆ ಪ್ರಾಣವಾಯಿತು. ಜ್ವರ ಬಂದರೆ ಅಜ್ಜಿಯ ಫೋಟೋ ಪಕ್ಕದಲ್ಲಿಟ್ಟುಕೊಂಡು ಮಲಗುವಳು.

ಅಷ್ಟರಲ್ಲಿ ಅಕ್ಕನ ಗಂಡನಿಗೆ ಚಿಂತಾಮಣಿಗೆ ವರ್ಗವಾಗಿ ಅವರು ಮನೆ ಖಾಲಿ ಮಾಡಿದರು. ಹೋಗುವಾಗ ತನ್ನ ಅರ್ಧ ಗಿಡಗಳನ್ನು ನನಗೇ ಕೊಟ್ಟು ಹೋದಳು. ಎಂಥ ದೊಡ್ಡ ಮನಸ್ಸು ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗಿದೆ!

ಮತ್ತೆ ಒಂದೆರಡು ವರ್ಷಕ್ಕೆ ಅವಳ ಮಗಳಿಗೆ ಗಂಡು ಮಗುವಾಯಿತು. ನಾಮಕರಣ ಗಂಡನ ಮನೆಯಲ್ಲಿ. ಮುರುಗಮಲ್ಲಕ್ಕೆ ಹೋಗುವ ರಸ್ತೆಯಲ್ಲಿ ಅವರದೊಂದು ದೊಡ್ಡ ಮನೆ. ನಾನು ಮಗಳನ್ನು ಕರೆದುಕೊಂಡು ಬಸ್ಸು ಹಿಡಿದು ಹೋದೆ. ಹೊಸಿಲು ದಾಟುತ್ತಿದ್ದ ಹಾಗೆ ಜೇನಿನಂಥ ಒಂದು ಪರಿಮಳ ಮೂಗಿಗೆ ಬಡಿಯಿತು. ಕಾಲು ನಿಂತಲ್ಲೇ ನಿಂತಿತು. ಅದು ನಮ್ಮ ಅಡುಗೆಮನೆಯ ಪರಿಮಳ. ಅಮ್ಮ ಇದ್ದಾಗಿನದು.

ಹಾಲಿನ ಕಿಟಕಿಯ ಹತ್ತಿರ ಸ್ಟ್ಯಾಂಡಿನ ಮೇಲೆ ಒಂದು ಬಿಳಿ ಪಿಂಗಾಣಿ ಕುಂಡ. ಅದರಲ್ಲಿ ಮೇಣದ ಹೂವಿನ ಬಳ್ಳಿ. ಗೊಂಚಲು ಗೊಂಚಲು ಹೂ ಬಿಟ್ಟು ತೂಗುತ್ತಿತ್ತು. ಹತ್ತಿರ ಹೋದೆ. ಇಂಥ ಬಳ್ಳಿ ಲೋಕದಲ್ಲಿ ಒಂದೇ ಇರುತ್ತದೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ಎಲೆ ಸರಿಸಿದೆ. ಸುರುಳಿ ಬಿದಿರು... ಸೀಳಿದ ಅಂಚು... ನೀಲಿ ವೈರು.

ಹಿಂದೆ ಮನೆಯ ಯಜಮಾನಿತಿ, ಅಕ್ಕನ ಬೀಗಿತ್ತಿ, ಬಂದು ನಿಂತರು. ಒಳ್ಳೆಯ ಹೆಂಗಸು, ಪಾಪ, ಅವರದೇನು ತಪ್ಪು? "ಚೆನ್ನಾಗೈತಲ್ಲಮ್ಮ? ನಮ್ ಬೀಗಿತ್ತಿ ಕೊಟ್ಟಿದ್ದು. ಹೆಣ್ಣು ನೋಡಕ್ಕೆ ಹೋದಾಗ ಹಿಂಗೇ ಹೂ ಬಿಟ್ಕೊಂಡಿತ್ತು. ಎಷ್ಟು ಚೆನ್ನಾಗೈತೆ ಅಂದೆ ಅಷ್ಟೇ. ಮದುವೆ ಆದ್ಮೇಲೆ ಹುಡುಗಿ ಜೊತೇಲೇ ಕಳಿಸಿಬಿಟ್ರು. ಅವರ ತಾಯಿ ಸಾಕಿದ ಬಳ್ಳಿಯಂತೆ! ಅಂಥದ್ದನ್ನ ಯಾರಾದ್ರೂ ಕೊಡ್ತಾರಾ ಹೇಳು?"

ಅವರ ತಾಯಿ ಸಾಕಿದ ಬಳ್ಳಿಯಂತೆ.

ತಲೆ ಎತ್ತಿದರೆ ಎದುರಿಗೆ ಅಕ್ಕ. ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ. ನಾನು ಎಲೆ ಸರಿಸಿದ್ದನ್ನು ನೋಡಿದ್ದಳು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಗೊತ್ತಿದ್ದವರಿಗೆಲ್ಲ ಗೊತ್ತು. ಬಾಯಿ ತೆರೆದೇ ಬಿಟ್ಟಿದ್ದೆ. ಅಷ್ಟರಲ್ಲಿ ಅವಳ ಮಗಳು ಓಡಿ ಬಂದು, "ಆಂಟೀ, ಈಗ ಬಂದ್ರಾ? ನಿಮಗೋಸ್ಕರ ಕಾಯ್ತಿದ್ದೆ" ಎಂದು ಎಳೆ ಕೂಸನ್ನು ನನ್ನ ಕೈಗಿಟ್ಟಳು. ಸುತ್ತ ಅವಳ ಅತ್ತೆ, ನಾದಿನಿಯರು, ಮನೆ ತುಂಬ ನೆಂಟರು. ನಾನೊಂದು ಮಾತಾಡಿದ್ದರೆ ಆ ಹುಡುಗಿ ಆ ಮನೆಯಲ್ಲಿ ತಲೆ ಎತ್ತುವ ಹಾಗಿರಲಿಲ್ಲ. ಕೂಸಿನ ಮುಖ ನೋಡುತ್ತ ಬಾಯಿ ಮುಚ್ಚಿಕೊಂಡೆ.

ಹಿತ್ತಲಲ್ಲಿ ಕೈ ತೊಳೆಯುವ ನೆವದಲ್ಲಿ ಅಕ್ಕನನ್ನು ಹಿಡಿದೆ.

"ಕೊಳೆತು ಹೋಯ್ತು ಅಂದ್ರಲ್ಲ ಅಕ್ಕ."

ಅವಳು ನಲ್ಲಿಯನ್ನೇ ನೋಡುತ್ತಿದ್ದಳು. "ನೋಡ್ಕೊಂಡು ಹೋದವರೆಲ್ಲ ಬೇಡ ಅಂತಿದ್ರು ಕಣೇ. ನಿಂಗೊತ್ತಲ್ಲ. ಬೀಗರ ಕಣ್ಣು ಬಿದ್ದ ವಸ್ತು ಮನೇಲಿಟ್ಕೊಂಡ್ರೆ ಈ ಸಂಬಂಧಾನೂ ಕೈ ತಪ್ಪುತ್ತೆ ಅಂತ ಭಯ ಆಗೋಯ್ತು. ಯಾರ್ದು ಅಂತ ಕೇಳಿದ್ರು. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ."

"ನನ್ನ ಒಂದು ಮಾತು ಕೇಳಬೋದಿತ್ತಲ್ಲ?"

"ಬಾಣಂತಿ ಹತ್ರ ಅವಳ ತಾಯಿದನ್ನ ಹೆಂಗೆ ಕೇಳ್ಲಿ?"

"ನಮ್ಮಮ್ಮ ಬಂದು ಎಳ್ಕೊಂಡ್ಳು ಅಂದ್ರಲ್ಲ, ಅದು?"

ನಲ್ಲಿ ನಿಲ್ಲಿಸಿ ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಸಣ್ಣಗೆ, "ನಿಂಗೆ ಸಮಾಧಾನ ಆಗ್ಲಿ ಅಂತ..." ಎಂದಳು. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತೇನೋ. ನನ್ನ ಕೈ ಹಿಡಿದುಕೊಂಡು, "ಒಂದು ಕಡ್ಡಿ ಮುರ್ಕೊಂಡು ಬರ್ಲಾ? ಯಾರಿಗೂ ಗೊತ್ತಾಗಲ್ಲ" ಎಂದಳು.

ಯಾರಿಗೂ ಗೊತ್ತಾಗಲ್ಲವಂತೆ! ನಮ್ಮಮ್ಮನ ಬಳ್ಳಿಯ ಕಡ್ಡಿಯನ್ನು ನಾನು ಕಳ್ಳಿಯ ಹಾಗೆ ಸೆರಗಿನಲ್ಲಿ ಮುಚ್ಚಿಕೊಂಡು ಒಯ್ಯಬೇಕಂತೆ. ಕೈ ಕೊಡವಿಕೊಂಡೆ. ಮಗಳ ಕೈ ಹಿಡಿದು ಎಲೆ ಹಾಕುವ ಮುಂಚೆಯೇ ಹೊರಟೆ. ಶುಭಕಾರ್ಯದ ಮನೆಯಿಂದ ಊಟ ಮಾಡದೆ ಹೋಗಬಾರದು ಎಂದು ಅವಳ ಬೀಗಿತ್ತಿ ಗೇಟಿನವರೆಗೂ ಬಂದು ಬೇಡಿಕೊಂಡರು. ಹೊಟ್ಟೆ ಸರಿಯಿಲ್ಲ ಎಂದೆ. ಬಸ್ಸಿನಲ್ಲಿ ಮಗಳು, "ಅಮ್ಮಾ, ಅಲ್ಲಿ ಹೂ ಘಂ ಅಂತಿತ್ತಲ್ವಾ?" ಎಂದಳು.

ಆಮೇಲೆ ಅವಳು ಎಷ್ಟೋ ಸಲ ಫೋನ್ ಮಾಡಿದಳು. ಎತ್ತಲಿಲ್ಲ. ನಮ್ಮ ಮನೆಯವರು, "ಒಂದು ಗಿಡಕ್ಕೆ ಇಷ್ಟು ಸಿಟ್ಟೇನೇ?" ಎನ್ನುತ್ತಿದ್ದರು. ಗಿಡಕ್ಕಲ್ಲ ಸ್ವಾಮಿ. ಕೇಳಿದ್ದರೆ ಕೊಡುತ್ತಿದ್ದೆನೇ? ಸಿಟ್ಟಿನಲ್ಲಿ ಕೊಡುತ್ತಿದ್ದೆ ಎನ್ನುತ್ತೇನೆ, ನಿಜವಾಗಿ ನನಗೇ ಗೊತ್ತಿಲ್ಲ. ಆದರೆ ನಾನು ಕಾದ ಹೂ ಅವಳ ಕಿಟಕಿಯಲ್ಲಿ ಅರಳಿತ್ತು. ಅದು ಅರಳಿದರೆ ನನಗೆ ಏನೆಂದು ಲೋಕದಲ್ಲಿ ಗೊತ್ತಿದ್ದವಳು ಅವಳೊಬ್ಬಳು. ಒಂದು ಫೋನ್ ಮಾಡಿ, ಹೂ ಬಿಟ್ಟಿದೆ ತಲ್ಲೀ ಎನ್ನಲಿಲ್ಲ. ಬದುಕಿದ್ದ ಬಳ್ಳಿಯನ್ನು ಸತ್ತಿತು ಎಂದಳು. ಸತ್ತ ನಮ್ಮಮ್ಮನನ್ನು ಸುಳ್ಳಿಗೆ ಸಾಕ್ಷಿ ನಿಲ್ಲಿಸಿದಳು. ಅತ್ತ ಬೀಗರ ಮುಂದೆ ಅದೇ ಅಮ್ಮನನ್ನು ತನ್ನ ತಾಯಿ ಮಾಡಿಕೊಂಡಳು. ಥೂ, ಇದಕ್ಕೆ ದ್ರೋಹ ಎನ್ನದೆ ಇನ್ನೇನೆನ್ನಲಿ? ನನ್ನ ತಲೆ ಸವರಿದ ಆ ಕೈ ಮಾತ್ರ ಸುಳ್ಳಾಗಿರಲಿಲ್ಲ ಎಂದು ಈಗಲೂ ಅನ್ನಿಸುತ್ತದೆ. ಅದೇ ಇನ್ನೂ ಸಂಕಟ.

ಮಗಳಿಗೆ ನಿಜ ಹೇಳಲಿಲ್ಲ. ಮೊದಲು ಚಿಕ್ಕವಳು ಎಂದು ಸುಮ್ಮನಾದೆ. ಆಮೇಲೆ, ಹೈಸ್ಕೂಲಿನಲ್ಲಿ ಅಜ್ಜಿಯ ಬಗ್ಗೆ ಬರೆಯಿರಿ ಎಂದಾಗ ಅವಳು ಆ ಗಿಡದ ಕಥೆಯನ್ನೇ ಬರೆದು ಬಂದು ನನ್ನ ಮುಂದೆ ಓದಿದಳು. ಇನ್ನು ಹೇಳುವುದೆಲ್ಲಿಂದ ಬಂತು? ಈಗ ಪಿಯುಸಿ. ಕನ್ನಡದಲ್ಲಿ ಎರಡು ಪುಟ ಓದಿದರೆ ತಲೆನೋವು ಎನ್ನುವವಳು. ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಾವು ಚಿಕ್ಕಬಳ್ಳಾಪುರಕ್ಕೆ ಬಂದು ಸುಮಾರು ವರ್ಷವಾಯಿತು. ಈ ಬೇಸಿಗೆಯಲ್ಲಿ ಅಕ್ಕ ಹೋದಳೆಂದು ಸುದ್ದಿ ಬಂತು. ತುಂಬ ದಿನ ಹಾಸಿಗೆ ಹಿಡಿದಿದ್ದಳಂತೆ. ನೋಡಲು ಹೋಗಿರಲಿಲ್ಲ, ಮಣ್ಣಿಗೂ ಹೋಗಲಿಲ್ಲ. ಸುದ್ದಿ ಕೇಳಿದ ದಿನ ಅಡುಗೆಮನೆಯಲ್ಲಿ ನಿಂತು ಅಕ್ಕಿ ತೊಳೆಯುತ್ತ ಜೋರಾಗಿ ಅತ್ತುಬಿಟ್ಟೆ. ಯಾರಿಗಾಗಿ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಅವಳನ್ನು ಕಳೆದುಕೊಂಡದ್ದು ಆ ಹಿತ್ತಲಲ್ಲಿ, ಅವತ್ತು ಅಳಲಿಲ್ಲವಲ್ಲ...

ಕಳೆದ ಭಾನುವಾರ ಅವಳ ಮಗಳು ಬಂದಿದ್ದಳು. ಈಗ ಮೈ ತುಂಬಿಕೊಂಡು, ಥೇಟ್ ತಾಯಿಯ ಹಾಗೆ ನಗುತ್ತಾಳೆ. ಕಾಫಿ ಕುಡಿದು ಬ್ಯಾಗಿನಿಂದ ಒದ್ದೆ ಬಟ್ಟೆ ಸುತ್ತಿದ ಒಂದು ಕಡ್ಡಿ ತೆಗೆದಳು. ದಪ್ಪ ಎಲೆ. ಬಿಚ್ಚುವ ಮುಂಚೆಯೇ ನನಗೆ ಗೊತ್ತಾಯಿತು.

"ಹೋಗೋ ಮುಂಚೆ ಅಮ್ಮ ಪದೇಪದೇ ಹೇಳಿದ್ಲು ಆಂಟಿ. ಇದರದ್ದು ಒಂದು ಕಡ್ಡಿ ನಿಮಗೆ ಕೊಡಲೇಬೇಕು ಅಂತ. ನಮ್ಮಜ್ಜಿ ಸಾಕಿದ ಬಳ್ಳಿ ಇದು. ನಿಮಗೆ ಇದರ ಮೇಲೆ ತುಂಬಾ ಆಸೆ ಇತ್ತಂತೆ."

ಆಸೆ ಇತ್ತಂತೆ! ಸಾಯುವಾಗಲೂ ಮಗಳಿಗೆ ನಿಜ ಹೇಳಲಿಲ್ಲ. ಇದು ಕ್ಷಮೆ ಕೇಳಿದ್ದೋ, ಬಾಯಿ ಮುಚ್ಚಿಸಿದ್ದೋ? ಕೇಳಲು ಅವಳೇ ಇಲ್ಲ. ನಾನು ಕೈ ಚಾಚದೆ ಕೂತಿದ್ದೆ. ಅಷ್ಟರಲ್ಲಿ ರೂಮಿನಿಂದ ನನ್ನ ಮಗಳು ಬಂದಳು.

"ಅಯ್ಯೋ, ಇಂಥದ್ದೇ ಅಲ್ವಾಮ್ಮ ನಮ್ಮಜ್ಜಿದೂ? ನಾನು ಹುಟ್ಟಿದಾಗ ನಂಗೋಸ್ಕರ ಸತ್ತೋಯ್ತಲ್ಲ, ಅದು?"

ಅಕ್ಕನ ಮಗಳ ಕಣ್ಣು ತುಂಬಿ ಬಂತು. "ಹೌದಾ ಪುಟ್ಟಾ? ನಂಗೊತ್ತೇ ಇರ್ಲಿಲ್ಲ. ಹಂಗಾದ್ರೆ ಇದನ್ನೇ ನಿಮ್ಮಜ್ಜಿದು ಅಂದ್ಕೊಂಡು ಇಟ್ಕೋ."

ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ಬಾಯಿ ಬಿಟ್ಟರೆ ಆ ಹುಡುಗಿಯ ತಾಯಿಯೂ ಹೋಗುತ್ತಾಳೆ, ಈ ಹುಡುಗಿಯ ಅಜ್ಜಿಯೂ ಹೋಗುತ್ತಾಳೆ. "ಥ್ಯಾಂಕ್ಸ್ ಕಣಮ್ಮ" ಎಂದೆ. ನಮ್ಮಮ್ಮನ ಬಳ್ಳಿಗೆ ಅಕ್ಕನ ಮಗಳ ಮುಂದೆ ಎರಡೂ ಕೈ ಒಡ್ಡಿದೆ.

ಈಗ ಅದು ನಮ್ಮ ಹಾಲಿನ ಕಿಟಕಿಯಲ್ಲಿದೆ. ಮನೆಯ ಕುಂಡಗಳಿಗೆಲ್ಲ ಕೊಟ್ಟವರ ಹೆಸರು ಬರೆದು ಚೀಟಿ ಅಂಟಿಸುವ ಹುಚ್ಚು ಮಗಳಿಗೆ. ಇವತ್ತು ಬೆಳಗ್ಗೆ ಇದಕ್ಕೂ ಅಂಟಿಸಿದ್ದಾಳೆ, ದುಂಡಗಿನ ಅಕ್ಷರದಲ್ಲಿ ಅಕ್ಕನ ಹೆಸರು. ಕಿತ್ತು ಎಸೆಯಲು ಕೈ ಹೋಯಿತು. ಯಾಕಮ್ಮ ಕಿತ್ತೆ ಎಂದು ಅವಳು ಕೇಳಿದರೆ ಏನು ಹೇಳಲಿ?